ಕೆಂಪು ಚುಕ್ಕೆಗಳ ನಕ್ಷೆ ಹೊತ್ತು ಫಿನ್ಲೆಂಡಿಗೆ

ಹೆಲ್ಸಿಂಕಿ ವಿಮಾನ ನಿಲ್ದಾಣ

ಫಿನ್ಲೆಂಡಿನ ಬಗ್ಗೆ ನಾನು ಮೊದಲು ಕಲಿತದ್ದು, ಅಲ್ಲಿನ ಸುಂಕದ ಅಧಿಕಾರಿಗಳಿಗೆ ಶೇಂಗಾ ಚಟ್ನಿಪುಡಿ ಗೊತ್ತಿಲ್ಲ ಎಂಬುದನ್ನು. ತಪ್ಪು ನನ್ನದೇ. ಹೊರಡುವ ದಿನ ಮನೆಯಲ್ಲಿ ಒಳ್ಳೆಯ ಕವರು ಸಿಗಲಿಲ್ಲವೆಂದು ಹಳ್ಳದ ಮಣ್ಣು ತುಂಬುವ ಕಂದು ಕಾಗದದ ಲಕೋಟೆಗಳಲ್ಲೇ ಚಟ್ನಿಪುಡಿಯನ್ನೂ ತುಂಬಿದ್ದೆ. ಪರವಾನಗಿ ಪತ್ರದಲ್ಲಿ ಹನ್ನೆರಡು ಲಕೋಟೆ ಎಂದಿತ್ತು. ಅಧಿಕಾರಿ ಎಣಿಸಿದಾಗ ಹದಿನೈದು ಬಂತು. ಅವನು ಮತ್ತೆ ಎಣಿಸಿದ. ಆಗಲೂ ಹದಿನೈದೇ.

"ಈ ಮೂರು ಊಟಕ್ಕೆ" ಎಂದೆ. ಅವನು ಒಂದನ್ನು ಬಿಚ್ಚಿ ಮೂಸಿದ, ಮೂರು ಸಲ ಸೀನಿದ. ನಂಬಿಕೆ ಬರಲೆಂದು ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನು ಉಳಿದ ಹನ್ನೆರಡನ್ನು ನೋಡಿ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ, "ಇವನ್ನೂ ತಿನ್ನುತ್ತೀರಾ?" ಎಂದು ಕೇಳಿದ. ಆ ದೇಶದ ಜನ ತಮಾಷೆ ಮಾಡುವಾಗ ಹೀಗೇ ಇರುತ್ತಾರೆ ಎಂಬುದು ತಿಳಿಯಲು ನನಗೆ ಮೂರು ದಿನ ಬೇಕಾಯಿತು. ಅವತ್ತಂತೂ ಸಿಟ್ಟೇ ಬಂದಿತ್ತು.

ಆ ಹನ್ನೆರಡು ಲಕೋಟೆಗಳ ವಿಷಯ ಹೇಳದೆ ಮುಂದೆ ಹೋಗಲಾಗದು. ನನ್ನ ಹೆಸರು ಸುಜಾತಾ. ಊರು ಸಂತೇಬೆನ್ನೂರು. ಚನ್ನಗಿರಿಯ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಹೇಳುತ್ತೇನೆ. ಹಳ್ಳವೆಂದರೆ ಮೇಲಿನ ಗುಡ್ಡಗಳ ಮಣ್ಣನ್ನೆಲ್ಲ ಚಿಟಿಕೆ ಚಿಟಿಕೆಯಾಗಿ ಹೊತ್ತು ತರುವ ಹಾದಿ. ಅದರ ಹೂಳು ತೆಗೆದು, ಸಣ್ಣ ಜರಡಿಯಲ್ಲಿ ಸೋಸಿ, ಒಣಗಿಸಿ, ಪ್ರಯೋಗಾಲಯಕ್ಕೆ ಕಳಿಸಿದರೆ ಮೇಲೆ ಯಾವ ಲೋಹ ಎಷ್ಟಿದೆಯೆಂದು ಅಂದಾಜು ಸಿಗುತ್ತದೆ. ಅದಿರು ಹುಡುಕುವವರಿಗೆ ಇದು ದಾರಿ ತೋರಿಸುತ್ತದೆ. ಊರಿನವರಿಗೆ, ತಮ್ಮ ನೆಲ ನೀರು ಮೊದಲು ಹೇಗಿತ್ತು ಎಂಬುದಕ್ಕೆ ದಾಖಲೆಯಾಗುತ್ತದೆ.

ನ್ಯಾಮತಿ ಹತ್ತಿರದ ಒಂದು ಹಳ್ಳಿಗೆ ಬೇಕಾಗಿದ್ದು ಈ ಎರಡನೆಯದು. ಊರ ಮೇಲಿನ ಗುಡ್ಡದಲ್ಲಿ ಅದಿರು ಇದೆಯೇ ಎಂದು ಅಗೆದು ನೋಡಲು ಒಂದು ಕಂಪನಿ ಬಂದಿತ್ತು. ಪಂಚಾಯ್ತಿ ಅಧ್ಯಕ್ಷೆ ಕಾಲೇಜಿಗೇ ಬಂದು ನನ್ನೆದುರು ಕೂತು ಹೇಳಿದರು: "ಅಗಿಯೋಕಿಂತ ಮುಂಚೆ ನಮ್ಮ ಹಳ್ಳದಾಗೆ ಏನೈತೆ, ಏನಿಲ್ಲ, ಬರ್ದಿಡ್ರಿ ಮೇಡಂ. ನಾಳೆ ಹಳ್ಳ ಕೆಟ್ರೆ ಕೇಳಾಕೆ ನಮ್ ಕೈಯಾಗೆ ಒಂದು ಕಾಗದ ಇರ್ಬೇಕಲ್ಲ." ಹೋಲಿಸಿ ನೋಡಲು ಬೇಕೆಂದು ನಾನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿನ ಹಳ್ಳಗಳನ್ನು ಸುತ್ತಿದೆ. ಫಲಿತಾಂಶ ಬಂದಾಗ ಸೀಸ ಎದ್ದು ಕಂಡಿತು. ಹೆಚ್ಚಿದ್ದಲ್ಲಿ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಡುತ್ತ ಹೋದೆ. ಉಬ್ರಾಣಿಯಿಂದ ಸಾಸ್ವೆಹಳ್ಳಿ ಕಡೆಗೆ, ಅಲ್ಲಿಂದ ನ್ಯಾಮತಿಗೆ ಚುಕ್ಕೆಗಳು ಸಾಲುಗಟ್ಟಿದವು. ಯಾರೂ ಕಾಣದ ಸೀಸದ ಪಟ್ಟಿಯೊಂದನ್ನು ನಾನು ಕಂಡೆ ಎಂದು ಹಿಗ್ಗಿದೆ.

ಆ ಹಳ್ಳಿಗೆ ಮಾತ್ರ ಇದು ಕೆಟ್ಟ ಸುದ್ದಿ. ಅವರ ಹಳ್ಳದಲ್ಲಿ ಸೀಸ ಮೊದಲೇ ಇತ್ತು ಎಂದು ನನ್ನ ಕಾಗದ ಹೇಳಿದರೆ, ನಾಳೆ ಯಾರು ಏನು ಸುರಿದರೂ "ಅದು ಮೊದಲಿಂದಲೂ ಇತ್ತಲ್ಲ" ಎಂದು ಕೈ ತೊಳೆದುಕೊಳ್ಳಬಹುದು. ಪಾಪ ಅನ್ನಿಸಿತು. ಅಂಕಿ ಅಂಕಿಯೇ ಎಂದು ಸಮಾಧಾನ ಹೇಳಿಕೊಂಡೆ. ವರದಿ ಕೊಡಲು ಒಂದು ತಿಂಗಳಿತ್ತು. ಅಷ್ಟರಲ್ಲಿ ಈ ವಿದ್ಯೆಯಲ್ಲಿ ಪಳಗಿದವರ ದೇಶದಿಂದ ಹತ್ತು ದಿನದ ತರಬೇತಿಗೆ ಕರೆ ಬಂತು. ನಕ್ಷೆ ಸುತ್ತಿಕೊಂಡು, ತೋರಿಸಲೆಂದು ಹನ್ನೆರಡು ಲಕೋಟೆ ಹೂಳು ಕಟ್ಟಿಕೊಂಡು ಹೊರಟುಬಿಟ್ಟೆ.

ರೊವಾನಿಯೆಮಿ

ಉತ್ತರಕ್ಕೆ ಹೋಗುವ ರೈಲಿನಲ್ಲಿ ಎಂಟು ಗಂಟೆ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಒಂದು ಮಾತೂ ಆಡಲಿಲ್ಲ. ನಮ್ಮ ಚನ್ನಗಿರಿ ಬಸ್ಸಿನಲ್ಲಾಗಿದ್ದರೆ ಹೊನ್ನೆಬಾಗಿ ದಾಟುವಷ್ಟರಲ್ಲಿ ನನ್ನ ಗಂಡ ಏನು ಮಾಡುತ್ತಾರೆ, ಮಕ್ಕಳೆಷ್ಟು, ಮೊಣಕಾಲು ನೋವಿಗೆ ಯಾವ ಎಣ್ಣೆ ಎಲ್ಲ ಆಗಿರುತ್ತಿತ್ತು. ಇಳಿಯುವಾಗ ಮಾತ್ರ ಆಕೆ ಎದ್ದು ನನ್ನ ಪೆಟ್ಟಿಗೆ ಎತ್ತಿ ಕೆಳಗಿಟ್ಟು, ತಲೆಯಾಡಿಸಿ ಹೋದಳು. ನಾನು ಕೂಗಿ ಕೂಗಿ ಥ್ಯಾಂಕ್ಸ್ ಹೇಳಿದ್ದಕ್ಕೆ ಇಡೀ ಬೋಗಿಯೇ ತಿರುಗಿ ನೋಡಿತು.

ಒಂದು ವಿಷಯದಲ್ಲಿ ಅವರು ನಮ್ಮವರೇ. ಯಾರ ಮನೆಗೆ ಹೋದರೂ ಚಪ್ಪಲಿ ಬೂಟು ಬಾಗಿಲಲ್ಲೇ ಬಿಡಬೇಕು. ತರಬೇತಿ ನಡೆಯುವ ಕಟ್ಟಡದಲ್ಲೂ ಎಲ್ಲರೂ ಕಾಲುಚೀಲದಲ್ಲೇ ಓಡಾಡುತ್ತಿದ್ದರು. ನನ್ನ ಬಲಗಾಲಿನ ಚೀಲದಲ್ಲಿ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅಂತರರಾಷ್ಟ್ರೀಯ ಮಟ್ಟದಲ್ಲಿ ನನ್ನ ಮೊದಲ ಪರಿಚಯ ಆ ಹೆಬ್ಬೆರಳಿನ ಮೂಲಕವೇ ಆಯಿತು.

ಅದನ್ನು ನೋಡಿಯೂ ನೋಡದಂತೆ ಇದ್ದವರು ರಿಟ್ವಾ. ಅರವತ್ತು ದಾಟಿದ ಹೆಂಗಸು, ತೆಳ್ಳಗೆ, ಬೆಳ್ಳನೆ ಕೂದಲು. ನಲವತ್ತು ವರ್ಷದಿಂದ ತೊರೆಗಳ ಹೂಳು ತೆಗೆಯುವುದೇ ಅವರ ಕೆಲಸ. ಇಂಗ್ಲಿಷ್ ನನ್ನಷ್ಟೇ ಬರುತ್ತಿತ್ತು, ಹಾಗಾಗಿ ನಮ್ಮಿಬ್ಬರಿಗೂ ಅನುಕೂಲ. ನಾನು ನಕ್ಷೆ ಬಿಚ್ಚಿ ಗೋಡೆಗೆ ಅಂಟಿಸಿ ನನ್ನ ಸೀಸದ ಪಟ್ಟಿಯ ಕಥೆ ಹೇಳಿದೆ. ಅವರು ಕಾಫಿ ಲೋಟ ಹಿಡಿದು ಬಹಳ ಹೊತ್ತು ನೋಡಿದರು. ಕೊನೆಗೆ ಜಗಳೂರಿನ ಮೇಲೆ ಬೆರಳಿಟ್ಟರು.

"ಇಲ್ಲಿ ಒಂದೂ ಕೆಂಪು ಇಲ್ಲ. ಯಾಕೆ?"

"ಆ ತಾಲ್ಲೂಕಿನ ಹಳ್ಳಗಳಲ್ಲಿ ನೀರೇ ಇಲ್ಲ. ಒಣ ಹೂಳು ತೆಗೆದೆವು."

"ಉಳಿದ ಕಡೆ?"

"ಉಳಿದ ಕಡೆ ಕೆಲವಕ್ಕೆ ಹರಿವು ಇತ್ತು, ಕೆಲವು ಒಣಗಿದ್ದವು."

"ಹರಿಯುವವು ಯಾವುವು, ಒಂದು ನೀಲಿ ಪೆನ್ಸಿಲಿನಲ್ಲಿ ಗುರುತು ಮಾಡಿ."

ನೋಟುಪುಸ್ತಕ ನೋಡಿಕೊಂಡು ಗುರುತು ಮಾಡಿದೆ. ಪ್ರತಿ ನೀಲಿ ಗುರುತೂ ಒಂದು ಕೆಂಪು ಚುಕ್ಕೆಯ ಮೇಲೆಯೇ ಕೂತಿತು. ಒಣಗಿದ ಹಳ್ಳದ ಮೇಲೆ ಒಂದೂ ಕೆಂಪಿಲ್ಲ. ರಿಟ್ವಾ ಹೇಳಿದ್ದು ಇಷ್ಟೇ: "ಬಂಡೆಯಲ್ಲಿರುವ ಸೀಸಕ್ಕೆ ಇವತ್ತು ಹಳ್ಳದಲ್ಲಿ ನೀರಿದೆಯೋ ಇಲ್ಲವೋ ಗೊತ್ತಿರುವುದಿಲ್ಲ."

ಮೈಯೆಲ್ಲ ಉರಿದುಹೋಯಿತು. ಪ್ರಯೋಗಾಲಯದಲ್ಲಿ ಎರಡೆರಡು ಸಲ ಪರೀಕ್ಷೆ ಮಾಡಿಸಿದ್ದೇನೆ, ನಾನೇ ಹಳ್ಳಕ್ಕಿಳಿದು ನಿಂತು ತೆಗೆಸಿದ್ದೇನೆ ಎಂದು ವಾದಿಸಿದೆ. ಅವರು ತಲೆಯಾಡಿಸಿದರು. ಆ ದೇಶದಲ್ಲಿ ತಲೆಯಾಡಿಸಿದರೆ ಒಪ್ಪಿದರು ಎಂದಲ್ಲ, ಕೇಳಿಸಿತು ಎಂದು ಅರ್ಥ.

ಸೌನಾ

ಮೂರನೆಯ ದಿನ ಸಂಜೆ ಎಲ್ಲ ಹೆಂಗಸರೂ ಸೌನಾಕ್ಕೆ ಹೊರಟರು. ಮರದ ಪುಟ್ಟ ಕೋಣೆ, ಮೂಲೆಯಲ್ಲಿ ಕಾದ ಕಲ್ಲು, ಮೇಲೆ ನೀರು ಎರಚಿದರೆ ಹಬೆ. ಬಟ್ಟೆ ಹಾಕಿಕೊಂಡು ಒಳಗೆ ಹೋಗುವಂತಿಲ್ಲ. ನಾನು ಆಗಲ್ಲ ಎಂದು ನೈಟಿಯಲ್ಲೇ ನಿಂತೆ. ಐದು ದೇಶದ ಹೆಂಗಸರು ನನ್ನ ನೈಟಿಯನ್ನು ನೋಡಿದರು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಎಂದು ನಮ್ಮವ್ವ ಹೇಳುತ್ತಿದ್ದದ್ದು ನೆನಪಾಯಿತು. ಟವೆಲ್ಲಿನ ಮಟ್ಟಕ್ಕೆ ಇಳಿದು ರಾಜಿಯಾದೆ.

ಒಳಗೆ ಹೋಗಿ ಎಂದಿನ ದನಿಯಲ್ಲಿ ಏನೋ ಹೇಳಿದೆ. ರಿಟ್ವಾ ತುಟಿಯ ಮೇಲೆ ಬೆರಳಿಟ್ಟರು. ಸೌನಾದಲ್ಲಿ ಜೋರು ಮಾತಿಲ್ಲವಂತೆ, ಜಗಳವಂತೂ ಇಲ್ಲವೇ ಇಲ್ಲವಂತೆ, ಪೂಜೆಯ ಜಾಗದ ಹಾಗೆ. "ನನ್ನ ಜೊತೆ ಹಳ್ಳಕ್ಕೆ ಬರುವವಳೂ ಹೀಗೇ" ಎಂದು ಮೆಲ್ಲಗೆ ಹೇಳಿದೆ. "ನೀರಿಗೆ ಇಳಿಯುವ ಮುಂಚೆ ನನ್ನನ್ನು ಮಾತಾಡಲು ಬಿಡುವುದಿಲ್ಲ."

ತಿಪ್ಪಕ್ಕನ ಬಗ್ಗೆ ಅವತ್ತು ತುಂಬ ಹೇಳಿದೆ. ಜಗಳೂರು ಕಡೆಯವಳು, ಐವತ್ತೈದರ ಆಸುಪಾಸು. ಅಕ್ಷರ ಬಾರದು, ಆದರೆ ಯಾವ ಗುಂಡುಕಲ್ಲಿನ ಹಿಂದೆ ನುಣ್ಣನೆ ಹೂಳು ಕೂತಿರುತ್ತದೆಂದು ದಡದಲ್ಲಿ ನಿಂತೇ ಹೇಳುತ್ತಾಳೆ. ನಾನು ಕೊಟ್ಟ ಪ್ಲಾಸ್ಟಿಕ್ ಸೌಟನ್ನು ಸೆರಗಿನಲ್ಲಿ ಸಿಕ್ಕಿಸಿ ಕೈಯಲ್ಲೇ ತೆಗೆಯುತ್ತಾಳೆ. ಕೇಳಿದರೆ "ಸೌಟಿಗೇನು ಗೊತ್ತಾಗ್ತೈತೆ ಮೇಡಮ್ಮಾರೆ, ಬೆರಳಿಗೆ ಗೊತ್ತಾಗ್ತೈತೆ. ಕೈ ಕೆಸರಾದ್ರೆ ಬಾಯಿ ಮೊಸರು" ಎನ್ನುತ್ತಾಳೆ. ರಿಟ್ವಾ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನನಗೂ ಹಬೆಗೂ ಆಗಿಬರಲಿಲ್ಲ, ಐದು ನಿಮಿಷಕ್ಕೆ ಹೊರಗೆ ಓಡಿಬಂದು ಬೆಂಚಿನ ಮೇಲೆ ಕೂತೆ.

ಕಂದು ನೀರಿನ ತೊರೆ

ಮರುದಿನ ಕಾಡಿನೊಳಗಿನ ತೊರೆಗೆ ಹೋದೆವು. ಬರ್ಚ್ ಮರದ ಎಲೆಗಳೆಲ್ಲ ಹಳದಿ ತಿರುಗಿದ್ದವು, ನೆಲದ ತುಂಬ ಕೆಂಪು ಹುಳಿಹಣ್ಣು. ಯಾರ ಕಾಡಾದರೂ ಯಾರು ಬೇಕಾದರೂ ಆಯ್ದು ತಿನ್ನಬಹುದಂತೆ. ತೊರೆಯ ನೀರು ಹಾಲು ಹಾಕದ ಚಹದ ಬಣ್ಣ. ಮೇಲೆ ಯಾವುದೋ ಕಾರ್ಖಾನೆ ಇರಬೇಕು ಎಂದೆ. ಇಲ್ಲವಂತೆ. ಸಾವಿರಾರು ವರ್ಷ ಕೊಳೆತ ಪಾಚಿಯ ಬಣ್ಣವದು, ನೀರು ಅಲ್ಲಿ ಹುಟ್ಟಿದಾಗಿನಿಂದಲೂ ಹಾಗೇ. ತುಂಗಭದ್ರೆ ಮಳೆಗಾಲದಲ್ಲಿ ಕೆಂಪಗಿದ್ದರೆ ನಾವು ಹೊಲಸು ಎನ್ನುತ್ತೇವೆಯೇ?

ತೊರೆಗೆ ಇಳಿಯುವ ಮುಂಚೆ ರಿಟ್ವಾ ನಮ್ಮನ್ನು ಸಾಲಾಗಿ ನಿಲ್ಲಿಸಿ ಕೈ ಚಾಚಲು ಹೇಳಿದರು. ಸೋಮವಾರ ಬೆಳಿಗ್ಗೆ ಉಗುರು ನೋಡುತ್ತಿದ್ದ ನಮ್ಮ ಪ್ರೈಮರಿ ಶಾಲೆಯ ಮೇಷ್ಟ್ರ ನೆನಪಾಯಿತು. ಉಂಗುರ ಇದ್ದವರದು ಬಿಚ್ಚಿಸಿದರು. ನನ್ನ ಮುಂದೆ ನಿಂತು ಬೆರಳು ಹಿಡಿದು ಕೇಳಿದರು: "ಇವತ್ತು ಈ ಕೈ ಏನೇನು ಮುಟ್ಟಿದೆ?"

ಚಳಿಗೆ ಬೆರಳು ಒಡೆದಿದ್ದವು, ಬಿಳಿ ಮುಲಾಮು ಹಚ್ಚಿದ್ದೆ. ಜೇಬಿನಿಂದ ಟ್ಯೂಬು ತೆಗೆಸಿ ಓದಿದರು. ಅದರಲ್ಲಿ ಸತು ಇತ್ತು. "ಈ ಕೈ ಇಳಿದರೆ ತೊರೆಯಲ್ಲಿ ಸತುವಿನ ಗಣಿ ಸಿಗುತ್ತದೆ" ಎಂದು ಹೇಳಿ ಕೆಳಗಿನ ತಿರುವಿಗೆ ಹೋಗಿ ತೊಳೆದು ಬರಲು ಕಳಿಸಿದರು. ಯಾವಾಗಲೂ ಕೆಳಗಿನಿಂದ ಹೋಗಿ ಮೇಲಿನದನ್ನು ತೆಗೆಯಬೇಕು, ನಮ್ಮ ಕಾಲು ಕಲಕಿದ್ದು ಲಕೋಟೆಗೆ ಬರಬಾರದು. ಪಾಠ ನನಗೂ ಗೊತ್ತಿತ್ತು, ವಿದ್ಯಾರ್ಥಿಗಳಿಗೆ ಬರೆಸಿಯೂ ಇದ್ದೆ.

ಮಂಜಿನಂಥ ನೀರಿನಲ್ಲಿ ಕೈ ಉಜ್ಜುತ್ತಿದ್ದೆ. ಮುಲಾಮು ಬಿಟ್ಟು ತೇಲಿಹೋಗುತ್ತಿತ್ತು. ಆಗ ತಿಪ್ಪಕ್ಕನ ಕೈ ಕಣ್ಣ ಮುಂದೆ ಬಂತು. ಕೆಂಪು ಬೆರಳುಗಳು.

ಜಗಳೂರಿನವಳಲ್ಲವೇ, ಹರಿಯುವ ನೀರು ಕಂಡರೆ ಅವಳಿಗೆ ಹಬ್ಬ. "ನಮ್ ಕಡೆ ಹಳ್ಳದಾಗೆ ನೀರು ಕಾಣಾಕೆ ವರ್ಷಗಟ್ಲೆ ಕಾಯ್ತೀವಿ. ಕಂಡ ಮೇಲೆ ಗಂಗವ್ವಗೆ ಬರಿಗೈಲಿ ಇಳಿಯಾಕಾಗ್ತೈತಾ?" ಎನ್ನುತ್ತ ಮಡಿಲಿನಿಂದ ಪುಟ್ಟ ಡಬ್ಬಿ ತೆಗೆದು, ನೀರಿನ ಅಂಚಿಗೆ ಕುಂಕುಮ ಹಾಕಿ, ಕೈ ಮುಗಿದು, ಅದೇ ಕೈಯಿಂದ ಹೂಳು ಬಾಚಿ ಜರಡಿಗೆ ಹಾಕುತ್ತಿದ್ದಳು. ಹರಿಯುವ ಪ್ರತಿಯೊಂದು ಹಳ್ಳದಲ್ಲೂ. ಒಣಗಿದ ಹಳ್ಳದಲ್ಲಿ ಡಬ್ಬಿ ಹೊರಗೆ ಬರುತ್ತಲೇ ಇರಲಿಲ್ಲ. ಸಂತೆಯಲ್ಲಿ ಬಿಡಿಯಾಗಿ ಅಳೆದು ಕೊಡುವ ಅಗ್ಗದ ಕುಂಕುಮದಲ್ಲಿ ಸೀಸದ ಬಣ್ಣ ಬೆರೆಸಿರಬಹುದೆಂದು ನಾನೇ ತರಗತಿಯಲ್ಲಿ ಹೇಳಿದವಳು. ನಮ್ಮ ಜರಡಿಯ ಕಣ್ಣೋ ಬಲು ಸಣ್ಣದು, ಮರಳನ್ನು ಕೆಳಗೆ ಬಿಡುವುದಿಲ್ಲ. ಕುಂಕುಮ ಸಲೀಸಾಗಿ ಇಳಿಯುತ್ತದೆ.

ನಾನು ಅದನ್ನು ನೋಡಿರಲಿಲ್ಲವೇ? ನೋಡಿದ್ದೆ. ನಮ್ಮಪ್ಪ ಬೌದ್ಧರಾದ ಮೇಲೆ ನಮ್ಮ ಮನೆಯಲ್ಲಿ ಕುಂಕುಮವೇ ಇಲ್ಲ. ಹಾಗಾಗಿ ಇನ್ನೊಬ್ಬರು ಪೂಜೆ ಮಾಡುವಾಗ ನಾನು ಮುಖ ತಿರುಗಿಸಿ ನಿಲ್ಲುತ್ತೇನೆ, ಅದು ನನ್ನ ಮರ್ಯಾದೆ. ಅವರ ಭಕ್ತಿ ಅವರದು, ನನಗೇಕೆ. ನೋಟುಪುಸ್ತಕದಲ್ಲಿ "ಹೊರಗಿನಿಂದ ಏನಾದರೂ ಸೇರಿದೆಯೇ" ಎಂಬ ಸಾಲಿನ ಎದುರು ಪ್ರತಿ ಸಲವೂ "ಇಲ್ಲ" ಎಂದು ಬರೆದಿದ್ದೆ. ಬರೆಯುವಾಗ ಪುಸ್ತಕ ಹಿಡಿದುಕೊಳ್ಳುತ್ತಿದ್ದವಳು ತಿಪ್ಪಕ್ಕನೇ.

ಚೀಲದಿಂದ ಆ ಪುಸ್ತಕ ತೆಗೆದೆ. ನ್ಯಾಮತಿಯ ಪುಟದ ಅಂಚಿನಲ್ಲಿ ಕೆಂಪು ಹೆಬ್ಬೆರಳಿನ ಗುರುತು. ಕೆಮ್ಮಣ್ಣು ಎಂದುಕೊಂಡಿದ್ದೆ ಇಷ್ಟು ದಿನ. ರಿಟ್ವಾ ಬಳಿ ಕೈಯಲ್ಲಿ ಹಿಡಿದು ಲೋಹ ಗುರುತಿಸುವ ಯಂತ್ರವೊಂದಿತ್ತು, ಅಂಗಡಿಯಲ್ಲಿ ಬೆಲೆ ನೋಡುವ ಗನ್ನಿನ ಹಾಗಿರುವುದು. ಪುಟದ ಖಾಲಿ ಜಾಗಕ್ಕೆ ಹಿಡಿದರೆ ಏನೂ ಇಲ್ಲ. ಹೆಬ್ಬೆರಳ ಗುರುತಿಗೆ ಹಿಡಿದರೆ ಸೀಸ. ರಿಟ್ವಾ ಯಂತ್ರ ಕೆಳಗಿಟ್ಟರು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ನನ್ನ ಕೈಗೆ ಕೊಟ್ಟರು.

ಬೆಂಚಿನ ಮೇಲಿಂದ ಒಂದು ಫೋನು

ತೊರೆಯಿಂದ ಮರಳಿ ಸೌನಾದ ಹೊರಗಿನ ಅದೇ ಬೆಂಚಿನ ಮೇಲೆ ಕೂತು ತಿಪ್ಪಕ್ಕನಿಗೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ಜಗಳೂರಿನಲ್ಲಿ ಮೂರು ಗಂಟೆ ದಾಟಿತ್ತು. ತಿಪ್ಪಕ್ಕ ವಿಡಿಯೋದಲ್ಲಿ ಮೊದಲು ತನ್ನ ಕಿವಿ ತೋರಿಸಿದಳು, ಆಮೇಲೆ ಮುಖ.

"ಹೆಂಗಿದೀರಿ ಮೇಡಮ್ಮಾರೆ? ಅಲ್ಲಿ ಊಟಕ್ಕೆ ಏನ್ ಕೊಡ್ತಾರ್ರೀ?"

"ಕಪ್ಪು ರೊಟ್ಟಿ, ಹುಳಿ ಹುಳಿ. ತಿಪ್ಪಕ್ಕ, ನೀನು ಹಳ್ಳಕ್ಕೆ ಹಾಕ್ತಿದ್ದ ಕುಂಕುಮ ಎಲ್ಲಿ ತಗೊಂಡಿದ್ದು?"

"ಸಂತ್ಯಾಗೆ. ಯಾಕ್ರೀ?"

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ನನಗೆ ಬಾರದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಅಂದ್ರೆ, ಗಂಗವ್ವಗೆ ನಾನೇ ಇಸ ಹಾಕಿದ್ನಾ?"

"ನೀನಲ್ಲ, ಒಂದು ಚಿಟಿಕೆಗೆ ಹಳ್ಳ ಕೆಡಲ್ಲ. ಕೆಟ್ಟಿದ್ದು ನಮ್ಮ ಲೆಕ್ಕ. ನಿನಗೆ ಹೇಳಬೇಕಾದವಳು ನಾನು. ಪಕ್ಕದಲ್ಲೇ ನಿಂತು ಬಾಯಿ ಮುಚ್ಚಿಕೊಂಡಿದ್ದೆ."

"ಹಳ್ಳದ ಮಾತು ಬಿಡ್ರಿ. ಅದನ್ನೇ ದಿನಾ ನಾನು ಹಣಿಗೆ ಹಚ್ಕಂತೀನಿ. ಮೊಮ್ಮಗಳಿಗೂ ಹಚ್ತೀನಿ. ಅದು ಬೆರಳು ಬಾಯಿಗೆ ಇಟ್ಕಂತೈತೆ ರೀ."

ಇದು ನನಗೆ ಹೊಳೆದೇ ಇರಲಿಲ್ಲ. ನಾಲ್ಕು ತಾಲ್ಲೂಕಿನ ಸೀಸ ಹುಡುಕಿದವಳಿಗೆ ಪಕ್ಕದಲ್ಲಿ ನಿಂತವಳ ಹಣೆ ಕಾಣಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. ಡಬ್ಬಿ ಎಸೆಯಬೇಡ, ಕಟ್ಟಿ ಎತ್ತಿಡು, ಪರೀಕ್ಷೆಗೆ ಬೇಕು, ಮಗುವನ್ನು ನಾಳೆಯೇ ಡಾಕ್ಟರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸು ಎಂದೆ.

"ತೋರಿಸ್ತೀನಿ" ಎಂದಳು. ಫೋನು ಇಡುವ ಮುಂಚೆ ಕೇಳಿದಳು: "ನ್ಯಾಮತಿಯೋರಿಗೆ ಕಾಗದ ಕೊಟ್ಬಿಟ್ರಾ?"

"ಇಲ್ಲ."

"ಹಂಗಾದ್ರೆ ಬೇಗ ಬರ್ರಿ. ಮತ್ತೆ ತೆಗ್ಯಾನ."

ಕೊನೆಯ ದಿನ

ಕೊನೆಯ ದಿನ ಎಲ್ಲರೂ ತಮ್ಮ ಕೆಲಸದ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕಿತ್ತು. ಹಿಂದಿನ ದಿನ ಮನಸ್ಸು ಒಂದು ಉಪಾಯ ಹೇಳಿಕೊಟ್ಟಿತ್ತು. ಸೀಸದ ಮಾತು ಬಿಟ್ಟು ತಾಮ್ರ, ಕ್ರೋಮಿಯಂ ಬಗ್ಗೆ ಮಾತಾಡಿ ಇಳಿದುಬಿಡು, ಊರಿಗೆ ಹೋಗಿ ಸದ್ದಿಲ್ಲದೆ ಸರಿಮಾಡಿಕೋ. ಕೇಳುವವರು ಯಾರು? ಇಪ್ಪತ್ತೈದು ವರ್ಷ ಪಾಠ ಹೇಳಿದವಳು ಕೈ ತೊಳೆದು ಬಾ ಎನ್ನಿಸಿಕೊಂಡ ಶಾಲೆಯ ಹುಡುಗಿಯ ಹಾಗೆ ಎಲ್ಲರೆದುರು ನಿಲ್ಲುವುದು ಬಿಸಿತುಪ್ಪ. ನುಂಗಲಾರೆ, ಉಗುಳಲಾರೆ.

ಆದರೆ ಅಧ್ಯಕ್ಷೆ ನನ್ನೆದುರು ಕೂತು ಕಾಗದ ಕೇಳಿದ್ದು ಮರೆಯಲಾಗಲಿಲ್ಲ. ಇಲ್ಲಿ ಬಾಯಿ ಬಿಡದವಳು ಅಲ್ಲಿ ಬಿಡುತ್ತೇನೆಂದು ಏನು ಗ್ಯಾರಂಟಿ? ನಕ್ಷೆ ಅಂಟಿಸಿ, ಎಲ್ಲರೆದುರು ಪ್ರತಿ ಕೆಂಪು ಚುಕ್ಕೆಯ ಮೇಲೂ ಅಡ್ಡಗೆರೆ ಎಳೆಯುತ್ತ ಕಥೆ ಹೇಳಿದೆ. ಡಬ್ಬಿ, ಬೆರಳು, ಪುಸ್ತಕದ ಗುರುತು, ನನ್ನ "ಇಲ್ಲ"ಗಳು. ಸೀಸದ ಪಟ್ಟಿ ಹದಿನೈದು ನಿಮಿಷದಲ್ಲಿ ಮಾಯವಾಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ರಿಟ್ವಾ ಎದ್ದು, ತಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದಿಡೀ ಬೇಸಿಗೆ ತನ್ನ ಜರಡಿಯ ಹಿತ್ತಾಳೆ ಚೌಕಟ್ಟಿನ ತಾಮ್ರವನ್ನೇ ಗುಡ್ಡದ ತಾಮ್ರವೆಂದು ಬರೆದಿದ್ದಾಗಿ ಹೇಳಿದರು. ಆಮೇಲೆ ಇನ್ನೊಬ್ಬರು ತಮ್ಮ ತಪ್ಪು ಹೇಳಿದರು, ಆಮೇಲೆ ಮತ್ತೊಬ್ಬರು. ಹತ್ತು ದಿನದಲ್ಲಿ ಆ ಜನ ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಹೊರಡುವಾಗ ರಿಟ್ವಾ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟರು. ಹೆಬ್ಬೆರಳನ್ನು ಮೊದಲ ದಿನವೇ ನೋಡಿದ್ದರಂತೆ.

ನ್ಯಾಮತಿ

ಬಂದ ಮೂರನೆಯ ದಿನವೇ ಹಳ್ಳದಲ್ಲಿದ್ದೆವು. ಕಾಲೇಜಿನಲ್ಲಿ "ಇನ್ನೊಂದು ಸಲ ಯಾಕೆ, ಅಂಕಿ ಬಂದಿದೆಯಲ್ಲ" ಎಂದವರಿಗೆ ಉತ್ತರ ಕೊಡಲು ನನಗೆ ಪುರುಸೊತ್ತಿರಲಿಲ್ಲ. ಮಗುವಿನ ರಕ್ತಪರೀಕ್ಷೆಯಲ್ಲಿ ಹೆದರುವಂಥದ್ದು ಇಲ್ಲವೆಂದು ಡಾಕ್ಟರು ಹೇಳಿದ್ದರು. ಡಬ್ಬಿಯ ಕುಂಕುಮ ಪ್ರಯೋಗಾಲಯಕ್ಕೆ ಹೋಗಿತ್ತು, ಅದರ ತುಂಬ ಸೀಸವಿತ್ತು. ತಿಪ್ಪಕ್ಕ ಈಗ ಅರಿಶಿನಕ್ಕೆ ಸುಣ್ಣದ ತಿಳಿ ಸೇರಿಸಿ ಮನೆಯಲ್ಲೇ ಕುಂಕುಮ ಮಾಡಿಕೊಂಡಿದ್ದಳು. ಅಂಗಡಿಯ ಪುಡಿಯನ್ನು ನಂಬದೆ ಅರಿಶಿನದ ಕೊಂಬನ್ನೂ ತಾನೇ ಕುಟ್ಟಿದ್ದಂತೆ.

ದಡದಲ್ಲಿ ನಾನು ಹೇಳಿದೆ: "ಕೈ ಚಾಚು ತಿಪ್ಪಕ್ಕ. ಇವತ್ತು ಏನೇನು ಮುಟ್ಟಿದ್ದೀಯ?"

ಅವಳು ನಕ್ಕಳು. "ಎದ್ದಾಗಿಂದ ಹೇಳ್ಲಾ? ಹೊತ್ತಾಗ್ತೈತೆ." ತೊಳೆದು ತೊಳೆದು ಬೆಳ್ಳಗಾದ ಕೈ ಚಾಚಿದಳು. ಆಮೇಲೆ ನನ್ನನ್ನು ನೋಡಿ, "ನಿಮ್ದೂ ತೋರಿಸ್ರಿ" ಎಂದಳು. ತೋರಿಸಿದೆ. ಕೆಳಗಿನಿಂದ ಇಳಿದು, ಮೇಲಿನ ಗುಂಡುಕಲ್ಲಿನ ಹಿಂದಿನ ಹೂಳು ತೆಗೆದು, ಲಕೋಟೆ ಮುಚ್ಚಿ, ಪುಸ್ತಕ ಬರೆದು ಚೀಲಕ್ಕೆ ಹಾಕಿದ ಮೇಲೆ ಅವಳು ಡಬ್ಬಿ ಹಿಡಿದು ಕೆಳಗಿನ ತಿರುವಿಗೆ ಹೋದಳು. "ಹರಿಯೋ ನೀರು ರೀ, ಗಂಗವ್ವ ಕೆಳಗಡೆನೂ ಅವಳೇ" ಎಂದಳು. ಈ ಸಲ ನಾನು ಮುಖ ತಿರುಗಿಸಲಿಲ್ಲ, ನಿಂತು ನೋಡಿದೆ. ಉಳಿದ ಕೆಂಪು ಚುಕ್ಕೆಗಳ ಹಳ್ಳಗಳನ್ನೂ ಅದೇ ವಾರ ಮತ್ತೆ ಸುತ್ತಿದೆವು.

ಫಲಿತಾಂಶ ಗ್ರಾಮಸಭೆಯ ಹಿಂದಿನ ದಿನ ಬಂತು. ನ್ಯಾಮತಿಯ ಆ ಹಳ್ಳದ ಸೀಸ ಜಗಳೂರಿನ ಒಣ ಹಳ್ಳಗಳಲ್ಲಿ ಇದ್ದಷ್ಟೇ, ಉಳಿದ ಹಳ್ಳಗಳದ್ದೂ ಅಷ್ಟೇ. ಸಭೆಯಲ್ಲಿ ಎರಡೂ ಅಂಕಿ ಓದಿದೆ, ಮೊದಲನೆಯದು ಯಾಕೆ ತಪ್ಪು ಎಂದೂ ಹೇಳಿದೆ. ಕಂಪನಿಯ ಕಡೆಯಿಂದ ಬಂದಿದ್ದವರು ಎದ್ದು ನಯವಾಗಿಯೇ ಕೇಳಿದರು: "ಮೇಡಂ, ಒಂದೇ ಹಳ್ಳಕ್ಕೆ ಎರಡು ಲೆಕ್ಕ ಕೊಡ್ತಿದೀರಿ. ನಾವು ಯಾವುದನ್ನ ನಂಬೋದು?"

ಪ್ರಶ್ನೆ ಸರಿಯಾದದ್ದೇ. ನಾನು ಜರಡಿ, ಯಂತ್ರ, ಪರೀಕ್ಷೆ ಎಂದು ಶುರುಮಾಡಿದೆ. ಹಿಂದಿನ ಸಾಲಿನಲ್ಲಿ ತಿಪ್ಪಕ್ಕ ಎದ್ದು ನಿಂತಳು. ಅವಳು ಮಾತಾಡಲಿ ಎಂದು ನಾನು ಹೇಳಿರಲಿಲ್ಲ.

"ಮೊದ್ಲನೇದು ನನ್ ಕೈಯಿಂದು ರೀ" ಎಂದಳು. "ಎರಡನೇದು ಹಳ್ಳದ್ದು."

ಹೇಳಿ, ಎರಡೂ ಕೈ ಮುಂದೆ ಚಾಚಿ ಎಲ್ಲರಿಗೂ ಕಾಣುವ ಹಾಗೆ ಹಿಡಿದಳು. ಅಧ್ಯಕ್ಷೆ ಸ್ವಲ್ಪ ಹೊತ್ತು ಆ ಕೈಗಳನ್ನು ನೋಡಿದರು. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, "ಎರಡನೇದನ್ನ ಬರ್ಕಳ್ರಿ" ಎಂದರು.